ನೆಟ್ ಹೋಯ್ತು ಅಂತ ಕೈಕಟ್ಟಿ ಕೂರಬೇಡಿ!

ಬೆಳಿಗ್ಗೆ ಹನ್ನೊಂದು ಗಂಟೆ. ಮನೆಯವರು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋಗಿಯಾಗಿದೆ. ಕುಕ್ಕರ್ ಇಳಿಸಿ, ಕೈ ಒರೆಸಿಕೊಂಡು, ಮಗನ ಸ್ಕಾಲರ್‌ಶಿಪ್ ಅರ್ಜಿ ತುಂಬಿಬಿಡೋಣ ಅಂತ ಕಂಪ್ಯೂಟರ್ ಮುಂದೆ ಕೂರುತ್ತೀರಿ. ನೋಡಿದ್ರೆ ನೆಟ್ ಇಲ್ಲ! ನಿನ್ನೆ ರಾತ್ರಿ ಚೆನ್ನಾಗೇ ಇತ್ತು. ತಕ್ಷಣ ಯಜಮಾನರಿಗೆ ಫೋನ್. ‘ರೀ, ನೆಟ್ ಬರ್ತಿಲ್ಲ.’ ಆ ಕಡೆಯಿಂದ ಬರೋ ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ‘ಮೀಟಿಂಗ್‌ನಲ್ಲಿದ್ದೀನಿ, ಸಾಯಂಕಾಲ ಬಂದು ನೋಡ್ತೀನಿ. ನೀನೇನೂ ಮುಟ್ಟಬೇಡ.’

ಈ ‘ಏನೂ ಮುಟ್ಟಬೇಡ’ ಅನ್ನೋ ಮಾತಿನಿಂದಲೇ ಅರ್ಧ ತೊಂದರೆ. ಮಿಕ್ಸಿ ತಿರುಗದಿದ್ದರೆ ನಾವೇನು ಮೆಕ್ಯಾನಿಕ್‌ನ ಕರೀತೀವಾ? ಅದರ ತಳದಲ್ಲಿರೋ ಕೆಂಪು ಗುಂಡಿ ಒತ್ತಿ ನೋಡ್ತೀವಿ. ಸ್ಟೌ ಉರಿ ಹಳದಿಯಾದರೆ ಬರ್ನರ್ ತೆಗೆದು ಪಿನ್ನು ಹಾಕಿ ತೂತು ಬಿಡಿಸ್ತೀವಿ. ಕುಕ್ಕರ್ ಕೂಗದಿದ್ದರೆ ಗ್ಯಾಸ್ಕೆಟ್ಟೋ ವೆಯಿಟ್ಟೋ ಅಂತ ಶಬ್ದದಲ್ಲೇ ಗೊತ್ತಾಗುತ್ತೆ. ಇಷ್ಟೆಲ್ಲಾ ಬಲ್ಲ ಕೈಗೆ ಕಂಪ್ಯೂಟರ್ ಹಿಂದಿರೋ ಒಂದು ತಂತಿ ಯಾಕೆ ಭಯ ಹುಟ್ಟಿಸಬೇಕು? ನಾನು ಓದಿದ್ದು ಬರೀ ಬಿ.ಎ. ಆದರೂ ನಮ್ಮ ಮನೆಯ ನೆಟ್ಟಿನ ತಾಪತ್ರಯ ಈಗ ನನ್ನದೇ ಖಾತೆ. ಬಹಳಷ್ಟು ಸಲ ಯಾರನ್ನೂ ಕರೆಯದೆ ಸರಿಹೋಗುತ್ತೆ. ಸರಿಹೋಗದಿದ್ದರೂ ಯಾರನ್ನು ಕರೀಬೇಕು, ಬಂದವರಿಗೆ ಏನು ಹೇಳಬೇಕು ಅನ್ನೋದಾದರೂ ಗೊತ್ತಾಗುತ್ತೆ. ದುಡ್ಡು ಉಳಿಯೋದು ಅಲ್ಲೇ.

ದುಡ್ಡಷ್ಟೇ ಅಲ್ಲ. ಗುಬ್ಬಿಯಲ್ಲಿರೋ ನನ್ನ ಗೆಳತಿಯೊಬ್ಬಳ ಮನೆಯಲ್ಲಿ ನಡೆದದ್ದು ಹೇಳ್ತೀನಿ ಕೇಳಿ. ಮಗಳ ಸಿಇಟಿ ಆಪ್ಷನ್ ಎಂಟ್ರಿಗೆ ಒಂದೇ ದಿನ ಬಾಕಿ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅಂತ ಪಟ್ಟಿ ಬರೆದಿಟ್ಟುಕೊಂಡು ಕೂತರೆ ನೆಟ್ ಇಲ್ಲ. ರಿಪೇರಿಯವನನ್ನು ಕರೆಸಿದಳು. ಅವನು ಎರಡು ನಿಮಿಷ ಮೌಸ್ ಆಡಿಸಿ, ‘ಮೇಡಂ, ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡ್ಬೇಕು’ ಅಂತ ಸಿಪಿಯು ಎತ್ತಿಕೊಂಡೇ ಹೋದ. ಎರಡು ದಿನ ಬಿಟ್ಟು ವಾಪಸ್ ತಂದಾಗ ಮನೆ ಗೃಹಪ್ರವೇಶದ ಫೋಟೋ, ಅತ್ತೆಯವರ ಕೊನೆಯ ವರ್ಷದ ವಿಡಿಯೋ ಯಾವುದೂ ಇರಲಿಲ್ಲ. ಆಪ್ಷನ್ ಎಂಟ್ರಿಯನ್ನು ಕಡೇ ಗಳಿಗೆಯಲ್ಲಿ ಸೈಬರ್ ಸೆಂಟರ್‌ನಲ್ಲಿ ಸಾಲು ನಿಂತು ಮಾಡಿದರು. ಇಷ್ಟೆಲ್ಲಾ ಆದಮೇಲೂ ನೆಟ್ ಮಾತ್ರ ಬರಲಿಲ್ಲ! ಯಾಕೆಂದರೆ ಕೆಟ್ಟಿದ್ದು ವಿಂಡೋಸ್ ಅಲ್ಲ. ನೆಲ ಒರೆಸುವಾಗ ಎಳೆದು ಸಡಿಲವಾಗಿದ್ದ ತಂತಿ.

ಹಾಗಾಗಿ ಒಂದು ಮಾತು ಇಲ್ಲೇ ಬರೆದಿಟ್ಟುಕೊಳ್ಳಿ. ನೆಟ್ ಬರ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಈ ಕೆಳಗಿನದನ್ನೆಲ್ಲಾ ನೋಡಿದ ಮೇಲೆ ಬೇಕಾದರೆ ಮಾತು.

ಕೆರೆಯಿಂದ ಗದ್ದೆಗೆ

ನಾನಿರೋದು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ. ನಮ್ಮೂರು ಅಂದರೆ ಕೆರೆ. ಶಿಂಷಾ ಹೊಳೆಗೆ ಅಡ್ಡ ಕಟ್ಟಿದ ದೊಡ್ಡ ಕೆರೆ. ಲಂಕೆಯಿಂದ ವಾಪಸ್ ಬರುವಾಗ ಇಲ್ಲಿ ತಂಗಿದ್ದ ರಾಮ, ಸೀತೆ ಕೇಳಿದಳು ಅಂತ ಈ ಕೆರೆ ಕಟ್ಟಿಸಿದ ಅನ್ನೋದು ಐತಿಹ್ಯ. (ಹೆಂಡತಿ ಕೇಳಿದ ಕೂಡಲೇ ಕೆಲಸ ಆಗಿದ್ದು ಅದೇ ಕೊನೆಯಿರಬೇಕು!) ಕೆರೆ ನೀರು ಗದ್ದೆಗೆ ಬರಬೇಕಾದರೆ ತೂಬು ಎತ್ತಬೇಕು, ಕಾಲುವೆಯಲ್ಲಿ ಹರಿಯಬೇಕು, ಗದ್ದೆ ಬದುವಿನ ಮಡೆ ಬಿಡಿಸಿರಬೇಕು. ಗದ್ದೆ ಒಣಗಿದ್ದರೆ ಯಾವ ರೈತನೂ ಗದ್ದೆಯನ್ನೇ ಅಗೆಯೋಕೆ ಹೋಗಲ್ಲ. ಕಾಲುವೆ ಏರಿ ಮೇಲೆ ನಡೆದು, ಎಲ್ಲೀ ತನಕ ನೀರಿದೆ, ಎಲ್ಲಿಂದ ಇಲ್ಲ ಅಂತ ನೋಡಿಕೊಂಡು ಬರ್ತಾನೆ.

ನೆಟ್ ಕೂಡ ಅಷ್ಟೇ. ಕೆರೆ ಅಂದರೆ ಕಂಪನಿಯವರ ಎಕ್ಸ್‌ಚೇಂಜ್. ಕಾಲುವೆ ಅಂದರೆ ಕಂಬದಿಂದ ಕಂಬಕ್ಕೆ ಬಂದು ನಿಮ್ಮ ಮನೆ ಗೋಡೆ ತೂರಿ ಒಳಗೆ ಬರೋ ತಂತಿ. ಅದು ಬಂದು ಸೇರೋದು ದೀಪ ಮಿನುಗುವ ಒಂದು ಡಬ್ಬಿಗೆ. ಅದನ್ನು ಕೆಲವರು ಮೋಡೆಮ್ ಅಂತಾರೆ, ಕೆಲವರು ರೂಟರ್ ಅಂತಾರೆ, ಫೈಬರ್ ಹಾಕೋ ಹುಡುಗರು ಓಎನ್‌ಟಿ ಅಂತಾರೆ. ನಾವು ರೂಟರ್ ಅಂತಲೇ ಕರೆಯೋಣ. ಅಲ್ಲಿಂದ ಕಂಪ್ಯೂಟರ್‌ಗೆ ಬರೋ ನೀಲಿಯೋ ಬೂದಿಯೋ ಬಣ್ಣದ ದಪ್ಪ ತಂತಿಯೇ ಲ್ಯಾನ್ ಕೇಬಲ್. ಕೊನೆಗೆ ಕಂಪ್ಯೂಟರ್. ನೀರು ಇವುಗಳಲ್ಲಿ ಎಲ್ಲಿ ನಿಂತಿದೆ ಅಂತ ಕಂಡುಹಿಡಿದರೆ ಮುಗೀತು.

ಮೊದಲ ಪರೀಕ್ಷೆ ನಿಮ್ಮ ಮೊಬೈಲ್‌ನಿಂದಲೇ. ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆತರೆ ಪರೀಕ್ಷೆಯೇ ಸುಳ್ಳಾಗುತ್ತೆ, ಯಾಕೆಂದರೆ ವೈಫೈ ಸತ್ತಿದ್ದರೂ ಸಿಮ್‌ನ ನೆಟ್‌ನಲ್ಲಿ ವಾಟ್ಸ್‌ಆ್ಯಪ್ ಬರ್ತಾನೇ ಇರುತ್ತೆ. ಡೇಟಾ ಆಫ್ ಮಾಡಿ, ಬರೀ ಮನೆ ವೈಫೈ ಇಟ್ಟುಕೊಂಡು ಯಾವುದಾದರೂ ಹೊಸ ವಿಡಿಯೋ ಒತ್ತಿ. ಓಡಿತಾ? ಹಾಗಾದರೆ ಕೆರೆ, ಕಾಲುವೆ, ರೂಟರ್ ಎಲ್ಲ ಸರಿಯಾಗಿವೆ. ಕಂಪನಿಯವರಿಗೆ ಫೋನ್ ಮಾಡಿ ಬೈಯುವ ಅಗತ್ಯವಿಲ್ಲ. ತೊಂದರೆ ಇರೋದು ಲ್ಯಾನ್ ಕೇಬಲ್ಲಿನಲ್ಲಿ ಅಥವಾ ಕಂಪ್ಯೂಟರ್‌ನಲ್ಲಿ. ಓಡಲಿಲ್ಲವಾ? ರೂಟರ್ ಹತ್ತಿರ ಹೋಗಿ.

ದೀಪಗಳು ಹೇಳುವ ಮಾತು

ರೂಟರ್ ಮುಂದಿರೋ ದೀಪಗಳನ್ನು ನಾವು ದಿನಾ ಧೂಳು ಒರೆಸುವಾಗ ನೋಡ್ತೀವಿ, ಆದರೆ ಓದಲ್ಲ. ಪವರ್ ಅಂತ ಇರೋದು ಕರೆಂಟಿನ ದೀಪ. ಅದೇ ಇಲ್ಲದಿದ್ದರೆ ಅಡಾಪ್ಟರ್ ಸಡಿಲವಾಗಿರಬಹುದು, ಸುಟ್ಟಿರಬಹುದು, ಇಲ್ಲವೇ ಮಕ್ಕಳು ಫೋನ್ ಚಾರ್ಜ್‌ಗೆ ಹಾಕೋಕೆ ಆ ಪ್ಲಗ್ ಕಿತ್ತಿರಬಹುದು. (ನಮ್ಮನೇಲಿ ಇದೇ ಜಾಸ್ತಿ.)

ಫೈಬರ್ ಸಂಪರ್ಕ ಇರೋರು ಮುಖ್ಯವಾಗಿ ನೋಡಬೇಕಾದ್ದು ಎರಡು ದೀಪ. ಪಿ-ಓ-ಎನ್ ಅಂತ ಬರೆದಿರೋದು ಅಲುಗಾಡದೆ ಹಸಿರಾಗಿ ಉರೀತಿದ್ದರೆ ಹೊರಗಿನ ಲೈನ್ ಸರಿಯಿದೆ ಅಂತ ಅರ್ಥ. ಎಲ್-ಓ-ಎಸ್ ಅಂತ ಬರೆದಿರೋದು ಮಾಮೂಲಿಯಾಗಿ ಆರಿರಬೇಕು. ಅದು ಕೆಂಪಗೆ ಮಿನುಗುತ್ತಿದ್ದರೆ ಕಂಪನಿಯ ಕಡೆಯಿಂದ ಬೆಳಕು ರೂಟರ್ ತನಕ ಬರ್ತಿಲ್ಲ. ಬೆಳಕು ಅಂದೆನಲ್ಲಾ, ಅದು ಬರೀ ಮಾತಿಗಲ್ಲ. ಫೈಬರ್ ಅಂದರೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಅದರೊಳಗೆ ಹರಿಯೋದು ಕರೆಂಟ್ ಅಲ್ಲ, ಕಣ್ಣಿಗೆ ಕಾಣದ ಲೇಸರ್ ಬೆಳಕು. ಹಾಗಾಗಿ ಎಂದೂ ಆ ಹಳದಿ ತಂತಿ ಬಿಚ್ಚಿ ಅದರ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಇಣುಕಬೇಡಿ. ಮಕ್ಕಳ ಕೈಗೂ ಕೊಡಬೇಡಿ. ತುದಿಯ ಹಸಿರು ಅಥವಾ ನೀಲಿ ಪ್ಲಗ್ಗನ್ನು ಸೆರಗಿನಿಂದ ಒರೆಸೋದೂ ಬೇಡ. ಒಂದು ಕಣ ಧೂಳು ಕೂತರೂ ಬೆಳಕಿಗೆ ಅಡ್ಡ.

ಕೆಂಪು ದೀಪ ಕಂಡಾಗ ಕಂಪನಿಗೆ ಹೇಳೋ ಮುಂಚೆ ಮನೆಯೊಳಗೆ ಒಂದು ಸುತ್ತು ನೋಡಿ. ಗಾಜಿನ ಎಳೆಗೆ ಮಡಿಸಿದರೆ ಆಗಲ್ಲ. ಉಳಿದ ತಂತಿಯನ್ನು ಚೆಂದ ಕಾಣಲಿ ಅಂತ ನಾವು ಸೀರೆ ಮಡಿಸಿದ ಹಾಗೆ ಮಡಿಸಿ ರಬ್ಬರ್ ಬ್ಯಾಂಡ್ ಹಾಕಿಬಿಡ್ತೀವಿ. ಬೀರು ಸರಿಸುವಾಗ ಅದರ ಕಾಲಿನ ಕೆಳಗೆ ಸಿಕ್ಕಿಸಿರ್ತೀವಿ. ಹಬ್ಬಕ್ಕೆ ತೋರಣ ಕಟ್ಟೋಕೆ ಅದೇ ತಂತಿ ಆಸರೆಯಾಗಿರುತ್ತೆ! ಬಳೆಗಿಂತ ಚಿಕ್ಕ ಸುತ್ತು ಮಾಡಬೇಡಿ, ಸಾಕು. ಮಡಿಕೆ ಬಿಡಿಸಿದ ಕೂಡಲೇ ಕೆಂಪು ದೀಪ ಆರಿದ್ದೂ ಉಂಟು. ಆಮೇಲೆ ಹೊರಗೆ ಬಂದು ಕಂಬದ ತನಕ ಕಣ್ಣು ಹಾಯಿಸಿ. ನಮ್ಮ ಕಡೆಯೆಲ್ಲಾ ತೆಂಗು, ಅಡಿಕೆ. ಒಂದು ಒಣಗರಿ ಬಿದ್ದರೆ ಸಾಕು. ಅಳಿಲು ಕಡಿಯುತ್ತೆ, ಎತ್ತರದ ಲಾರಿ ಎಳೆದುಕೊಂಡು ಹೋಗುತ್ತೆ, ನೀರಿನ ಪೈಪಿಗೆ ಅಂತ ಅಗೆದ ಜೆಸಿಬಿ ನೆಲದೊಳಗಿನದನ್ನು ಕಿತ್ತುಹಾಕುತ್ತೆ. ತಂತಿ ಜೋತುಬಿದ್ದಿದ್ದು ಕಂಡರೆ ಮುಟ್ಟಬೇಡಿ. ಕರೆಂಟ್ ಕಂಬದಲ್ಲೇ ಎಷ್ಟೋ ಕೇಬಲ್ ಎಳೆದಿರ್ತಾರೆ, ಯಾವುದಕ್ಕೆ ಏನು ತಾಗಿದೆಯೋ ಗೊತ್ತಾಗಲ್ಲ. ಕಂಡ ಜಾಗವನ್ನು ದೂರು ಕೊಡುವಾಗ ಹೇಳಿ. ಲೈನ್‌ಮನ್‌ಗೆ ಅರ್ಧ ದಿನದ ಹುಡುಕಾಟ ಉಳಿಯುತ್ತೆ.

ಇನ್ನೂ ಟೆಲಿಫೋನ್ ತಾಮ್ರದ ತಂತಿಯಲ್ಲೇ ನೆಟ್ ಇರೋ ಮನೆಗಳಿದ್ದರೆ ಅವರ ರೂಟರ್‌ನಲ್ಲಿ ಡಿಎಸ್‌ಎಲ್ ಅಂತ ದೀಪ ಇರುತ್ತೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಅಂತ ಬ್ರಾಡ್‌ಬ್ಯಾಂಡ್ ತಂದದ್ದು ಹೀಗೇ, ಫೋನಿನ ತಂತಿಯಲ್ಲೇ. ಅದಕ್ಕೂ ಮುಂಚೆ ನೆಟ್ ಹಾಕಿದರೆ ಫೋನ್ ಎಂಗೇಜ್. ತವರಿನಿಂದ ಅಮ್ಮ ಫೋನ್ ಮಾಡಿ ಮಾಡಿ ಸೋಲೋರು! ಸರ್ಕಾರದ 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. 2023ರಲ್ಲಿ ಆ ಕನಿಷ್ಠ ಮಟ್ಟ 2 ಮೆಗಾಬಿಟ್ ಆಯಿತು. ಇರಲಿ, ತಾಮ್ರದ ತಂತಿಯವರಿಗೆ ಪರೀಕ್ಷೆ ಸುಲಭ. ಫೋನ್ ರಿಸೀವರ್ ಎತ್ತಿ ಕಿವಿಗಿಡಿ. ಡಯಲ್ ಟೋನ್ ಇಲ್ಲ ಅಥವಾ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು ಬರ್ತಿದೆ ಅಂದರೆ ಲೈನೇ ಕೆಟ್ಟಿದೆ. ಟೋನ್ ಚೆನ್ನಾಗಿದ್ದೂ ದೀಪ ಮಿನುಗುತ್ತಲೇ ಇದ್ದರೆ ಗೋಡೆ ಹತ್ತಿರದ ಸ್ಪ್ಲಿಟರ್ ಅನ್ನೋ ಪುಟ್ಟ ಡಬ್ಬಿ ತೆಗೆದು ತಂತಿಯನ್ನು ನೇರವಾಗಿ ರೂಟರ್‌ಗೆ ಹಾಕಿ ನೋಡಿ.

ಎಲ್ಲಾ ದೀಪ ಸರಿಯಾಗಿದ್ದು ಇಂಟರ್‌ನೆಟ್ ಅನ್ನೋ ದೀಪ ಮಾತ್ರ ಆರಿದೆಯಾ, ಕೆಂಪಗಿದೆಯಾ? ಬಿಲ್ ಕಟ್ಟಿದ್ದೀರಾ ಅಂತ ನೋಡಿ. ನಗಬೇಡಿ, ಪ್ಲಾನ್ ಮುಗಿದದ್ದು ಯಜಮಾನರ ಮೊಬೈಲ್‌ಗೆ ಮೆಸೇಜ್ ಬಂದಿರುತ್ತೆ, ಮನೆಯಲ್ಲಿರೋ ನಮಗೆ ಗೊತ್ತಿರಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡೋದು ಎಲ್ಲರಿಗೂ ಗೊತ್ತು, ಆದರೆ ಅವಸರ ಮಾಡ್ತೀವಿ. ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಡಿ. ಆನ್ ಮಾಡಿದ ಮೇಲೆ ಮೂರು ನಿಮಿಷ ತಡೀರಿ, ಹಾಲು ಉಕ್ಕೋಕೆ ಕಾದ ಹಾಗೆ. ಅದು ಕಂಪನಿಯ ಯಂತ್ರದ ಜೊತೆ ಮಾತಾಡಿ ಒಪ್ಪಿಗೆ ಪಡೆಯೋಕೆ ಅಷ್ಟು ಹೊತ್ತು ಬೇಕು. ರೂಟರ್ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತೆ, ರೀಸೆಟ್ ಅಂತ ಬರೆದಿರುತ್ತೆ. ಅದಕ್ಕೆ ಪಿನ್ನು ಚುಚ್ಚೋದು ಬೇಡವೇ ಬೇಡ. ಒಳಗೆ ಕಂಪನಿಯವರು ತುಂಬಿಟ್ಟ ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತೆ. ಆಗ ನಿಜವಾಗಲೂ ಯಾರಾದರೂ ಬರಲೇಬೇಕು.

ಕಿತ್ತುಹೋದ ಕ್ಲಿಪ್ಪು, ನುಂಗಿದ ತಂತಿ

ಮೊಬೈಲ್‌ನಲ್ಲಿ ವೈಫೈ ಬರುತ್ತೆ, ಕಂಪ್ಯೂಟರ್‌ಗೆ ಮಾತ್ರ ಇಲ್ಲ. ಇದು ನಮ್ಮ ಗೃಹಿಣಿಯರ ರಾಜ್ಯ. ಯಾಕೆಂದರೆ ಕಸ ಗುಡಿಸೋದು, ಒರೆಸೋದು, ಟೇಬಲ್ ಸರಿಸೋದು ಎಲ್ಲ ನಡೆಯೋದು ಈ ಕೇಬಲ್ ಮೇಲೇ.

ಲ್ಯಾನ್ ಕೇಬಲ್ ತುದಿಯಲ್ಲಿ ಟೆಲಿಫೋನ್ ಪಿನ್ನಿನಂತೆಯೇ, ಅದಕ್ಕಿಂತ ಅಗಲವಾದ ಪ್ಲಾಸ್ಟಿಕ್ ಪ್ಲಗ್ ಇರುತ್ತೆ. ಅದರ ಮೇಲೆ ಒಂದು ಪುಟ್ಟ ನಾಲಿಗೆ. ತೂರಿಸಿದಾಗ ‘ಟಕ್’ ಅನ್ನಬೇಕು. ಟಕ್ ಅನ್ನದಿದ್ದರೆ ಕೂತಿಲ್ಲ ಅಂತಲೇ ಅರ್ಥ, ಹೊರಗಿನಿಂದ ನೋಡಲು ಕೂತ ಹಾಗೆ ಕಂಡರೂ. ಆ ನಾಲಿಗೆ ಎರಡು ಮೂರು ವರ್ಷದಲ್ಲಿ ಮುರಿದೇ ಮುರಿಯುತ್ತೆ. ಮುರಿದ ಮೇಲೆ ಪ್ಲಗ್ ನಿಲ್ಲಲ್ಲ, ಒಂದು ಸಲ ಪೊರಕೆ ತಾಗಿದರೂ ಕೂದಲೆಳೆಯಷ್ಟು ಹಿಂದೆ ಸರಿಯುತ್ತೆ. ನೆಟ್ ಬಂದು ಬಂದು ಹೋಗೋದು ಇದಕ್ಕೇ. ಸೆಲ್ಲೋಟೇಪ್ ಹಚ್ಚಿ ನೂಕಬೇಡಿ. ಅಂಗಡಿಯಲ್ಲಿ ಹೊಸ ತುದಿ ಹಾಕಿಕೊಡ್ತಾರೆ, ಇಲ್ಲ ಅಂದರೆ ಎರಡು ಮೀಟರ್‌ನ ಹೊಸ ಕೇಬಲ್ಲೇ ತನ್ನಿ. ಮಹಾ ಬೆಲೆಯ ವಸ್ತುವಲ್ಲ.

ಈಗ ಸಿಪಿಯು ಹಿಂದೆ ಬಗ್ಗಿ ನೋಡಿ. ಕೇಬಲ್ ಹೋಗೋ ತೂತಿನ ಪಕ್ಕದಲ್ಲಿ ಎರಡು ಚುಕ್ಕಿ ದೀಪ ಇರುತ್ತೆ. ಕಂಪ್ಯೂಟರ್ ಆನ್ ಇದ್ದಾಗ ಒಂದು ಉರೀತಿರಬೇಕು, ಇನ್ನೊಂದು ಮಿಣಮಿಣ ಅನ್ನಬೇಕು. ಎರಡೂ ಸತ್ತಿದ್ದರೆ ಕೇಬಲ್‌ನ ಎರಡೂ ತುದಿ ಬಿಚ್ಚಿ ಮತ್ತೆ ಟಕ್ ಅನ್ನಿಸಿ. ಆಗಲೂ ಇಲ್ಲದಿದ್ದರೆ ರೂಟರ್ ಕಡೆ ತುದಿಯನ್ನು ಪಕ್ಕದ ತೂತಿಗೆ ಹಾಕಿ. ರೂಟರ್‌ನಲ್ಲಿ ಸಾಮಾನ್ಯವಾಗಿ ಎರಡೋ ನಾಲ್ಕೋ ಲ್ಯಾನ್ ತೂತು ಇರುತ್ತೆ, ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡುತ್ತೆ. ಆಮೇಲೆ ಬೇರೆ ಕೇಬಲ್. ಪಕ್ಕದ ಮನೆಯವರ ಹತ್ತಿರ ಹತ್ತು ನಿಮಿಷಕ್ಕೆ ಇಸ್ಕೊಂಡು ಬಂದರೂ ಆದೀತು. ಹೆಪ್ಪಿಗೆ ಮಜ್ಜಿಗೆ ಕೇಳೋರಿಗೆ ಕೇಬಲ್ ಕೇಳೋದು ಏನು ಮಹಾ!

ಈ ಕೇಬಲ್ಲಿನೊಳಗೆ ಎಂಟು ಎಳೆಗಳು, ಎರಡೆರಡು ಹೆಣೆದ ನಾಲ್ಕು ಜಡೆ. ಹಳೇ ವೇಗಕ್ಕೆ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ವರೆಗೆ, ನಾಲ್ಕು ಎಳೆ ಸಾಕು. ಅದಕ್ಕಿಂತ ಹೆಚ್ಚಿನ ವೇಗಕ್ಕೆ ಎಂಟೂ ಬೇಕು. ಬಾಗಿಲ ಸಂದಿಯಲ್ಲಿ ಸಿಕ್ಕಿ ಒಂದೆರಡು ಎಳೆ ತುಂಡಾದರೆ ನೆಟ್ ಪೂರ್ತಿ ಹೋಗದೆ ನಿಧಾನ ಆಗಿಬಿಡೋದು ಹೀಗೆ. ಕಂಪನಿಯವರು ‘ನಿಮಗೆ ಪೂರ್ತಿ ಸ್ಪೀಡ್ ಕೊಟ್ಟಿದ್ದೀವಲ್ಲಾ’ ಅಂತಾರೆ, ಕೊಟ್ಟೂ ಇರ್ತಾರೆ.

ಇಲಿ ಕಾಟ ಇದ್ದರೆ ಕೇಬಲ್ಲನ್ನು ಗೋಡೆಯ ಅಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿಯೊಳಗೆ ಹಾಕಿಸಿ. ಕರೆಂಟ್ ಪ್ಲಂಬಿಂಗ್ ಕೆಲಸದವರು ಮನೆಗೆ ಬಂದಾಗ ಜೊತೆಯಲ್ಲೇ ಮಾಡಿಸಿಬಿಡಿ.

ಪರದೆಯ ಬಲಮೂಲೆ

ತಂತಿ ಸರಿ, ಚುಕ್ಕಿ ದೀಪವೂ ಇದೆ, ಆದರೂ ನೆಟ್ ಇಲ್ಲ. ಈಗ ಮಾತ್ರ ಕಂಪ್ಯೂಟರ್ ಒಳಗೆ ಇಳಿಯೋಣ. ಪರದೆಯ ಕೆಳಗೆ ಬಲಮೂಲೆಯಲ್ಲಿ ಗಡಿಯಾರದ ಪಕ್ಕ ಒಂದು ಚಿತ್ರ ಇದೆಯಲ್ಲ. ನೆಟ್ ಇಲ್ಲದಾಗ ಹೊಸ ವಿಂಡೋಸ್‌ಗಳಲ್ಲಿ ಅದು ಭೂಗೋಳದ ಚಿತ್ರ ಆಗುತ್ತೆ. ಹಳೆಯದರಲ್ಲಿ ಪುಟ್ಟ ಕಂಪ್ಯೂಟರ್ ಚಿತ್ರದ ಮೇಲೆ ಕೆಂಪು ಗುಣಾಕಾರ ಚಿಹ್ನೆ ಬಂದರೆ ಕೇಬಲ್ ತಾಗಿಲ್ಲ, ಹಳದಿ ತ್ರಿಕೋನ ಬಂದರೆ ಕೇಬಲ್ ತಾಗಿದೆ ಆದರೆ ನೀರು ಬರ್ತಿಲ್ಲ.

ಕೀಬೋರ್ಡ್‌ನಲ್ಲಿ ಕಿಟಕಿ ಚಿತ್ರದ ಕೀ ಒತ್ತಿ ಹಿಡಿದು ಆರ್ ಅಕ್ಷರ ಒತ್ತಿ. ಸಣ್ಣ ಪೆಟ್ಟಿಗೆ ಬರುತ್ತೆ. ಎನ್, ಸಿ, ಪಿ, ಎ, ಒಂದು ಚುಕ್ಕಿ, ಸಿ, ಪಿ, ಎಲ್ ಅಂತ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಈಥರ್ನೆಟ್ ಅನ್ನೋ ಚಿತ್ರ ಬೂದಿ ಬಣ್ಣಕ್ಕೆ ತಿರುಗಿ ಡಿಸೇಬಲ್ಡ್ ಅಂತ ಇದ್ದರೆ ಯಾರೋ, ಬಹುಶಃ ಗೇಮ್ ಆಡೋ ಮಗರಾಯ, ಆಫ್ ಮಾಡಿದ್ದಾನೆ. ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಎನೇಬಲ್ ಕೊಡಿ. ಮುಗೀತು.

ಅಲ್ಲೂ ಸರಿ ಇದ್ದರೆ ಮತ್ತೆ ಕಿಟಕಿ ಕೀ ಮತ್ತು ಆರ್ ಒತ್ತಿ ಈ ಸಲ ಸಿ, ಎಂ, ಡಿ ಬರೆದು ಎಂಟರ್. ಕಪ್ಪು ಪರದೆ ಬರುತ್ತೆ. ಹೆದರಬೇಡಿ, ಇದರಲ್ಲಿ ನೋಡಿದ್ದಕ್ಕೆ ಏನೂ ಕೆಡಲ್ಲ. ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಅಂತ ಒಟ್ಟಿಗೆ ಬರೆದು ಎಂಟರ್ ಒತ್ತಿ. ಬರೋ ಸಾಲುಗಳಲ್ಲಿ ಐಪಿವಿ4 ಅಡ್ರೆಸ್ ಅನ್ನೋದರ ಮುಂದಿನ ಸಂಖ್ಯೆ ನೋಡಿ. ಸಾಮಾನ್ಯವಾಗಿ ಅದು 192.168 ಅಂತ ಶುರುವಾಗುತ್ತೆ. ಇದು ರೂಟರ್ ನಿಮ್ಮ ಕಂಪ್ಯೂಟರ್‌ಗೆ ಕೊಟ್ಟ ಮನೆ ನಂಬರ್ ಇದ್ದ ಹಾಗೆ. ಅದರ ಬದಲು 169.254 ಅಂತ ಇದ್ದರೆ ಕೇಳಿದರೂ ರೂಟರ್ ಉತ್ತರ ಕೊಡಲಿಲ್ಲ, ಕಂಪ್ಯೂಟರ್ ತಾನೇ ಒಂದು ನಂಬರ್ ಹಾಕಿಕೊಂಡು ಕೂತಿದೆ ಅಂತ ಅರ್ಥ. ರೂಟರ್ ಮತ್ತು ಕಂಪ್ಯೂಟರ್ ಎರಡನ್ನೂ ಒಮ್ಮೆ ಆಫ್ ಮಾಡಿ, ಮೊದಲು ರೂಟರ್, ಅದರ ದೀಪ ನೆಲೆ ನಿಂತ ಮೇಲೆ ಕಂಪ್ಯೂಟರ್ ಹಾಕಿ. ಇಷ್ಟಕ್ಕೇ ಸರಿಹೋಗೋದು ಹೆಚ್ಚು.

ಲ್ಯಾನ್ ಸಂಪರ್ಕಕ್ಕೆ ಇನ್ನೂ ಕಂಪ್ಯೂಟರ್‌ನಿಂದಲೇ ಡಯಲ್ ಮಾಡಿ ಹೆಸರು, ಪಾಸ್‌ವರ್ಡ್ ಕೊಡೋ ಪದ್ಧತಿ ಇದ್ದರೆ ಅಲ್ಲಿ ಬರೋ ಎರರ್ ನಂಬರ್ ಬರೆದಿಟ್ಟುಕೊಳ್ಳಿ. 691 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು, ಇಲ್ಲವೇ ಖಾತೆ ನಿಲ್ಲಿಸಿದ್ದಾರೆ. 678 ಅಥವಾ 651 ಬಂದರೆ ಆ ಕಡೆಯಿಂದ ಉತ್ತರವೇ ಇಲ್ಲ, ಲೈನ್ ನೋಡಿಸಬೇಕು.

ಇನ್ನೊಂದು ಮಾಯೆ ಇದೆ, ಹಳೇ ಕಂಪ್ಯೂಟರ್‌ಗಳಲ್ಲಿ. ನೆಟ್ ಇದೆ ಅಂತ ತೋರಿಸುತ್ತೆ, ಆದರೆ ಯಾವ ಸೈಟ್ ತೆಗೆದರೂ ಸುರಕ್ಷಿತವಲ್ಲ ಅಂತ ಎಚ್ಚರಿಕೆ. ಬಲಮೂಲೆಯ ತಾರೀಖು ನೋಡಿ. ಹತ್ತು ಹದಿನೈದು ವರ್ಷ ಹಿಂದಿನದು ಇದೆಯಾ? ಒಳಗಿರೋ ನಾಣ್ಯದಂಥ ಬ್ಯಾಟರಿ ಸತ್ತಿದೆ. ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಇವತ್ತು ಯಾವ ದಿನ ಅನ್ನೋದನ್ನೇ ಮರೀತಿದೆ. ಬ್ಯಾಂಕ್, ಸರ್ಕಾರಿ ಸೈಟುಗಳು ತಾರೀಖು ತಾಳೆಯಾಗದಿದ್ದರೆ ಒಳಗೆ ಬಿಡಲ್ಲ. ತಾರೀಖು ಸರಿಮಾಡಿದರೆ ಆಗಿನ ಮಟ್ಟಿಗೆ ಸರಿ. ಸಿಆರ್ 2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಆ ಬ್ಯಾಟರಿ ಸಿಗುತ್ತೆ.

ಗುಡುಗು ಸಿಡಿಲಿನ ದಿನ

ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆ ಮತ್ತು ಮೇನಲ್ಲಿ, ಮಧ್ಯಾಹ್ನ ಸೆಕೆ ಕುದಿದು ಸಂಜೆಗೆ ಸಿಡಿಲು ಶುರು. ಟಿವಿ ಪ್ಲಗ್ ಕೀಳೋಕೆ ಓಡ್ತೀವಿ, ರೂಟರ್ ಮರೆತುಹೋಗುತ್ತೆ. ಫೈಬರ್ ಗಾಜಿನದು, ಅದು ಸಿಡಿಲಿನ ಕರೆಂಟನ್ನು ಒಳಗೆ ತರಲ್ಲ, ನಿಜ. ಆದರೆ ರೂಟರ್‌ನ ಅಡಾಪ್ಟರ್ ಮೂಲಕ ಬಂದ ಹೊಡೆತ ಲ್ಯಾನ್ ಕೇಬಲ್ ಹಿಡಿದು ಸೀದಾ ಕಂಪ್ಯೂಟರ್‌ಗೆ ಹೋಗುತ್ತೆ. ಆಗ ಸುಡೋದು ಆ ಚುಕ್ಕಿ ದೀಪದ ತೂತು. ಹಾಗಾಗಿ ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರ್ ಕಿತ್ತಿಡಿ, ಲ್ಯಾನ್ ಕೇಬಲ್ಲನ್ನೂ ಬಿಚ್ಚಿಡಿ. ಸಿಡಿಲು ತಲೆ ಮೇಲೆ ಬಂದಮೇಲೆ ಮುಟ್ಟೋಕೆ ಹೋಗಬೇಡಿ.

ಸುಟ್ಟೇ ಹೋಗಿದ್ದರೆ? ಮದರ್‌ಬೋರ್ಡ್ ಬದಲಾಯಿಸಬೇಕು ಅಂತ ಸಾವಿರಗಟ್ಟಲೆ ಲೆಕ್ಕ ಹೇಳೋರು ಇದ್ದಾರೆ. ಬೇರೆಲ್ಲಾ ಸರಿಯಿದ್ದು ಲ್ಯಾನ್ ತೂತು ಮಾತ್ರ ಹೋಗಿದ್ದರೆ ಯುಎಸ್‌ಬಿಗೆ ಸಿಕ್ಕಿಸೋ ಲ್ಯಾನ್ ಅಡಾಪ್ಟರ್ ಅಂತ ಸಿಗುತ್ತೆ, ಅದನ್ನು ಕೇಳಿ. ಬೆರಳುದ್ದ ಇರುತ್ತೆ, ಅದಕ್ಕೇ ಕೇಬಲ್ ಹಾಕಿದರೆ ಆಯ್ತು.

ಇವತ್ತೇ ಕಡೇ ದಿನ ಅಂದ್ರೆ?

ಲೈನ್ ಸರಿಹೋಗೋಕೆ ಎರಡು ದಿನ ಬೇಕು, ಅರ್ಜಿಗೆ ಇವತ್ತೇ ಕೊನೆ. ಆಗ ಅಳೋದು ಬೇಡ. ಮೊಬೈಲ್ ಚಾರ್ಜ್ ಮಾಡೋ ಯುಎಸ್‌ಬಿ ತಂತಿಯಿಂದ ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ಅನ್ನೋ ಕಡೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಈಗ ಮೊಬೈಲ್ ಡೇಟಾ ಆನ್ ಇರಬೇಕು. ಅರ್ಧ ನಿಮಿಷದಲ್ಲಿ ಕಂಪ್ಯೂಟರ್‌ಗೆ ನೆಟ್ ಬರುತ್ತೆ, ವೈಫೈ ಸೌಲಭ್ಯವೇ ಇಲ್ಲದ ಹಳೇ ಕಂಪ್ಯೂಟರ್‌ಗೂ. ಕೆಲವು ತಂತಿಗಳು ಬರೀ ಚಾರ್ಜ್‌ಗೆ ಮಾತ್ರ ಆಗೋದು, ಅಂಥದ್ದಾದರೆ ಫೋನಿನ ಜೊತೆ ಬಂದ ತಂತಿ ಹುಡುಕಿ. ಅರ್ಜಿ ಕಳಿಸಿ, ರಸೀದಿ ಉಳಿಸಿಕೊಂಡು, ತಕ್ಷಣ ಟೆದರಿಂಗ್ ಆಫ್ ಮಾಡಿಬಿಡಿ. ಇಲ್ಲದಿದ್ದರೆ ವಿಂಡೋಸ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳೋಕೆ ಶುರುಮಾಡಿ ನಿಮ್ಮ ದಿನದ ಡೇಟಾ ಪೂರ್ತಿ ಕುಡಿದುಹಾಕುತ್ತೆ.

ದೂರು ಕೊಡುವಾಗ

ಕಸ್ಟಮರ್ ಕೇರ್ ನಂಬರ್ ಬೇಕು ಅಂತ ಮೊಬೈಲ್‌ನಲ್ಲಿ ಹುಡುಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಾಗೆ ಹುಡುಕಿದಾಗ ಮೇಲೆ ಬರೋ ನಂಬರ್‌ಗಳಲ್ಲಿ ಕಳ್ಳರು ಹಾಕಿದವೂ ಇರ್ತವೆ. ತುಂಬಾ ಮರ್ಯಾದೆಯಿಂದ ಮಾತಾಡ್ತಾರೆ. ‘ಈ ಆ್ಯಪ್ ಹಾಕ್ಕೊಳ್ಳಿ ಅಮ್ಮಾ, ಇಲ್ಲಿಂದಲೇ ಸರಿ ಮಾಡ್ತೀವಿ’ ಅಂತಾರೆ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಅದರ ನಂಬರ್ ಕೇಳ್ತಾರೆ, ‘ರಿಜಿಸ್ಟ್ರೇಷನ್‌ಗೆ ಹತ್ತು ರೂಪಾಯಿ ಕಳಿಸಿ’ ಅಂತಾರೆ. ಹತ್ತು ರೂಪಾಯಿ ಕಳಿಸುವಾಗ ನೀವು ಒತ್ತೋ ಪಿನ್ ಅವರ ಪರದೆಯಲ್ಲಿ ಕಾಣುತ್ತೆ. ನಂಬರನ್ನು ನಿಮ್ಮ ಬಿಲ್‌ನಿಂದ ಅಥವಾ ರೂಟರ್ ಮೇಲೆ ಅಂಟಿಸಿದ ಚೀಟಿಯಿಂದ ಮಾತ್ರ ತಗೊಳ್ಳಿ. ಅಕಸ್ಮಾತ್ ಹಣ ಹೋಯಿತು ಅಂದರೆ ಮನೆಯವರು ಬೈತಾರೆ ಅಂತ ಸಂಜೆ ತನಕ ಸುಮ್ಮನಿರಬೇಡಿ, ಆ ನಿಮಿಷವೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯೋ ಸಾಧ್ಯತೆ ಹೆಚ್ಚು.

ಸರಿಯಾದ ನಂಬರ್ ಸಿಕ್ಕಮೇಲೆ ‘ನೆಟ್ ಬರ್ತಿಲ್ಲ’ ಅಂತ ಮಾತ್ರ ಹೇಳಬೇಡಿ. ‘ಪವರ್ ಇದೆ, ಎಲ್‌ಓಎಸ್ ಕೆಂಪಗೆ ಮಿನುಗ್ತಿದೆ, ಬೆಳಿಗ್ಗೆ ಹತ್ತರಿಂದ ಹೀಗಿದೆ, ರೂಟರ್ ಆಫ್ ಆನ್ ಮಾಡಿ ನೋಡಿದ್ದೀನಿ, ಮನೆ ಮುಂದಿನ ಕಂಬದ ಹತ್ತಿರ ತಂತಿ ಜೋತುಬಿದ್ದಿದೆ’ ಅನ್ನಿ. ಆ ಕಡೆಯವರ ದನಿಯೇ ಬದಲಾಗುತ್ತೆ, ನೋಡಿ ಬೇಕಾದ್ರೆ. ದೂರಿಗೆ ಒಂದು ನಂಬರ್ ಕೊಡ್ತಾರೆ, ಡಾಕೆಟ್ ನಂಬರ್ ಅಂತ. ಅದು ಕೊಡದಿದ್ದರೆ ಕೇಳಿ ತಗೊಳ್ಳಿ, ಕ್ಯಾಲೆಂಡರ್‌ನಲ್ಲಿ ಆ ದಿನದ ಮನೆಯಲ್ಲೇ ಬರೆದುಬಿಡಿ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ದೂರು ಒಯ್ಯೋ ವ್ಯವಸ್ಥೆಯನ್ನು ಟ್ರಾಯ್ 2012ರ ನಿಯಮಗಳಲ್ಲಿ ಮಾಡಿದೆ. ಆ ಬಾಗಿಲು ತಟ್ಟೋಕೆ ಬೇಕಾದ್ದು ಇದೇ ನಂಬರ್.

ಗ್ರಾಹಕ ಸಂಖ್ಯೆ, ನೋಂದಣಿಯಾದ ಮೊಬೈಲ್ ನಂಬರ್, ಬಿಲ್ ಕಟ್ಟೋ ತಾರೀಖು, ಸರಿ ಇದ್ದಾಗ ಯಾವ ಯಾವ ದೀಪ ಉರೀತಿರುತ್ತೆ ಅನ್ನೋದು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಬೇಡ. ವಿಳಾಸ ಹೇಳುವಾಗ ಊರಿನ ಜೊತೆ ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಮೂರೂ ಹೇಳಿ. ದೂರದೂರಿನಲ್ಲಿ ಕೂತು ಫೋನ್ ಎತ್ತೋ ಹುಡುಗಿಗೆ ನಮ್ಮೂರು ಎಲ್ಲಿ ಗೊತ್ತಿರುತ್ತೆ? ದಕ್ಷಿಣ ಕನ್ನಡದಲ್ಲೂ ಒಂದು ಕಡಬ ಇದೆ, ಅದು ತಾಲ್ಲೂಕು ಕೇಂದ್ರ ಬೇರೆ. ನಮ್ಮ ದೂರು ಅಲ್ಲಿಗೆ ಹೋಗಿ ಕೂತರೆ ಲೈನ್‌ಮನ್ ಏಣಿ ಹೊತ್ತು ಘಟ್ಟ ಹತ್ತಿ ಬರಲ್ಲ!